ಕಾರಣ ಕೇಳದ ಮಾಫಿ

ಕ್ಷಮಿಸುವುದು ದೊಡ್ಡ ಮನಸ್ಸಿನ ಲಕ್ಷಣ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೊಡ್ಡ ಮನಸ್ಸಿನವನಾಗುವುದಕ್ಕೆ ನನ್ನ ಅಭ್ಯಂತರ ಎಂದೂ ಇರಲಿಲ್ಲ. ಆದರೆ ಯಾವ ತಪ್ಪಿಗಾಗಿ ದೊಡ್ಡವನಾಗುತ್ತಿದ್ದೇನೆ ಎಂಬ ವಿವರ ನನಗೆ ಮೊದಲು ಬೇಕು. ತಾಲೂಕು ಕಚೇರಿಯ ಕಾರಕೂನನಾಗಿ ಮುದ್ದೇಬಿಹಾಳ, ಇಂಡಿ, ಸಿಂದಗಿ ಎಂದು ಕುರ್ಚಿ ಬದಲಿಸುತ್ತ ಬಂದವನು ನಾನು. ಕಾರಣ ಬರೆಯದ ರಜೆ ಅರ್ಜಿ ಕಂಡರೆ ಕೈ ತಾನಾಗಿ ಅದನ್ನು ಬದಿಗೆ ಸರಿಸುತ್ತದೆ. ಅಜ್ಜಿ ತೀರಿಕೊಂಡರೆಂದು ರಜೆ ಕೇಳಿದ ಸಿಪಾಯಿಗೆ, ತಾಯಿ ಕಡೆಯ ಅಜ್ಜಿಯೋ ತಂದೆ ಕಡೆಯವರೋ ಎಂದು ಒಮ್ಮೆ ಸ್ಪಷ್ಟೀಕರಣ ಕೇಳಿದ್ದುಂಟು. ನಾನು ಇದನ್ನು ಶಿಸ್ತು ಎನ್ನುತ್ತೇನೆ. ನನ್ನ ಹೆಂಡತಿ ಚಾಳಿ ಎನ್ನುತ್ತಾಳೆ.

ಎಪ್ಪತ್ತರ ದಶಕದ ನಡುವಿನ ಒಂದು ಶ್ರಾವಣ. ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆ ಹುಸೇನಸಾಬರದು. ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಕಸುಬು. ಊರಿನ ಅರ್ಧ ನಿದ್ದೆಗೆ ಅವರೇ ಹೊಣೆ. ಒಂದು ದಿನ ಹೊತ್ತು ಮುಳುಗುವ ಮೊದಲು, ಬಿಳಿ ಟೊಪ್ಪಿಗೆ ಹಾಕಿಕೊಂಡು, ಅತ್ತರಿನ ವಾಸನೆಯೊಂದಿಗೆ ಬಂದರು. ಕಡಲೆಬೇಳೆ ಹಲ್ವಾದ ತಾಟನ್ನು ನನ್ನ ಹೆಂಡತಿಯ ಕೈಗಿತ್ತು, ನನ್ನೆದುರು ನಿಂತು, "ಕಾರಕೂನ್ ಸಾಹೇಬ್ರ, ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ" ಎಂದರು.

"ಏನ್ ಮಾಡೀರಿ?" ಎಂದೆ.

"ಹಂಗೇನಿಲ್ರಿ. ಇವತ್ತು ಶಬೇ ಬರಾತ್. ಈ ರಾತ್ರಿ ಅಲ್ಲಾ ಎಲ್ಲಾರ ತಪ್ಪು ಮಾಫ್ ಮಾಡ್ತಾನ್ರಿ. ಆದ್ರ ಮಂದಿಗೆ ಮಾಡಿದ್ದನ್ನ ಮಂದೀನ ಮಾಫ್ ಮಾಡಬೇಕು. ಅದಕ್ಕ ಮಸೂತಿಗೆ ಹೋಗೂಕಿಂತ ಮೊದಲ ಕೇಳಾಕ ಬಂದೇನಿ."

ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಮೇಲಿನವನೇ ನನ್ನಂಥ ಕೆಳಗಿನವನ ಷರಾಕ್ಕಾಗಿ ಕಾಯುತ್ತಾನೆಂದರೆ ಸಣ್ಣ ಮಾತಲ್ಲ. ಹಾಗಿದ್ದ ಮೇಲೆ ವಿಚಾರಣೆ ಕ್ರಮಬದ್ಧವಾಗಿ ಆಗಬೇಡವೇ? ಹುಸೇನಸಾಬರು ಒಂದು ಮಾತಿಗಾಗಿ ಕಾಯುತ್ತಿದ್ದರು, ಹೊತ್ತು ಇಳಿಯುತ್ತಿತ್ತು. ನನ್ನ ಕುತೂಹಲ ಮಾತ್ರ ಏರುತ್ತಿತ್ತು.

"ಗಾದೀದು ಇರಬೇಕಲ್ಲ?" ಎಂದೆ.

ಅವರ ಮುಖ ಸಣ್ಣದಾಯಿತು. "ಗಾದಿಗೆ ಏನಾಗೇತ್ರಿ?"

"ಎಡಗಡೆ ಗಂಟು ಐತಿ. ದೀಪಾವಳಿಗೆ ತುಂಬಿಸಿದಾಗಿಂದ ಬೆನ್ನಿಗೆ ಒತ್ತಾಕತ್ತೈತಿ."

"ಇಷ್ಟು ದಿನಾ ಮನಸಿನ್ಯಾಗ ಇಟ್ಕೊಂಡು, ದಿನಾ ಮುಂಜಾನೆ ನನ್ನ ನೋಡಿ ನಗತಿದ್ರಲ್ರಿ" ಎಂದು ಕಟ್ಟೆಯ ಮೇಲೆ ಕುಳಿತೇಬಿಟ್ಟರು. "ನೀವು ಅದನ್ನ ಮನಸಿಂದ ತೆಗೀದ ನಾ ಹೆಂಗ ಹೋಗಲಿ? ತರ್ರಿ ಗಾದಿ ಹೊರಗ."

ಮಸೂತಿಗೆ ಹೊರಟ ಮನುಷ್ಯ ಶುಭ್ರ ಅಂಗಿಯ ತೋಳು ಮಡಚಿ ನನ್ನ ಗಾದಿಯನ್ನು ತಡವತೊಡಗಿದರು. ವೈದ್ಯರು ಹೊಟ್ಟೆ ಒತ್ತಿ ನೋಡುವ ಹಾಗೆ ಅಲ್ಲಲ್ಲಿ ಒತ್ತಿದರು. ಬಾಗಿಲಲ್ಲಿ ಹಲ್ವಾ ತಿನ್ನುತ್ತಿದ್ದ ನನ್ನ ಹೆಂಡತಿ, "ಹುಸೇನಣ್ಣಾ, ನಿಮ್ಮದೇನೂ ತಪ್ಪಿಲ್ಲ. ದಿನಾ ಇವ್ರು ಅದ ಒಂದ ಮೂಲ್ಯಾಗ ಕುಂತು ಪೇಪರ್ ಓದಿದ್ರ ಹತ್ತಿ ಪಾಪ ಎಲ್ಲಿ ಹೋಗಬೇಕು?" ಎಂದಳು.

"ಖರೇ ಐತ್ರಿ ತಂಗಿ," ಎಂದರು ಹುಸೇನಸಾಬರು. "ಇಲ್ಲಿ ಕುಣಿ ಬಿದ್ದೈತಿ. ಇಲ್ಲಿಂದು ಸರದು ಅಲ್ಲಿ ಗಂಟಾಗೇತಿ." ಗಂಟನ್ನು ಬೆರಳಿನಿಂದ ಬಿಡಿಸಿ ಸಮ ಮಾಡಿ ಮತ್ತೆ ನನ್ನ ಮುಖ ನೋಡಿದರು.

"ಮಾಫ್ ಮಾಡೇನಿ" ಎಂದೆ, ಮಂಜೂರಾತಿಗೆ ಸಲ್ಲುವ ಗಾಂಭೀರ್ಯದಿಂದ.

"ಈಗ ನೀವೂ ಮಾಫಿ ಕೇಳ್ರಿ" ಎಂದಳು ಹೆಂಡತಿ.

ಬೇರೆ ದಾರಿ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, "ಹುಸೇನಸಾಬ್ರ, ತಿಳದೋ ತಿಳೀದನೋ..." ಎಂದು ಶುರು ಮಾಡಿದ್ದಷ್ಟೇ, "ಮಾಫ್ ಮಾಡೇನ್ರಿ, ಎಲ್ಲಾ ಮಾಫ್ ಮಾಡೇನಿ" ಎಂದು ನನ್ನ ಕೈಹಿಡಿದು ಒತ್ತಿ, ಹಗುರಾದ ಹೆಜ್ಜೆಯಲ್ಲಿ ಮಸೂತಿಯ ಕಡೆಗೆ ನಡೆದೇಬಿಟ್ಟರು.

ಯಾವ ತಪ್ಪು ಎಂದು ಅವರು ಕೇಳಲಿಲ್ಲ. ಮರ್ಯಾದೆಗಾಗಿಯಾದರೂ ಒಂದು ಮಾತು ಕೇಳಬಹುದಿತ್ತು. ವಿಚಾರಣೆಯಿಲ್ಲದೆ ಎಲ್ಲವನ್ನೂ ಮನ್ನಾ ಮಾಡುವವನಿಗೆ ಒಂದೋ ಏನೂ ಗೊತ್ತಿರುವುದಿಲ್ಲ, ಇಲ್ಲವೇ ಎಲ್ಲವೂ ಗೊತ್ತಿರುತ್ತದೆ. ಏನೂ ಗೊತ್ತಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ತೆಳು ಗೋಡೆ.