ಕಿಟಕಿಯೊಳಗೆ ಒಗೆದ ದಂಗೆ

ನಾನು ಸಾಧು ಮನುಷ್ಯ. ಗದ್ದಲ ಎಲ್ಲಿದ್ದರೂ ದೂರ ನಿಂತು ನೋಡುವ ಜಾತಿ. ಅದಕ್ಕೇ ಬ್ಯಾಡಗಿಯ ಮಾವನ ಮನೆಯಲ್ಲಿದ್ದ ದಂಗೆಯ ಚಿತ್ರ ನನಗೆ ಬಲು ಇಷ್ಟ. ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ಹಾಕಿದ್ದು, ಯಾವುದೋ ಪರದೇಶದ ಪೇಟೆಯದು. ನನ್ನ ಹೆಂಡತಿ ಶಾಂತಾ ಚಿಕ್ಕಂದಿನಲ್ಲಿ ಅದರ ಕೆಳಗೇ ಕೂತು ಉಂಡವಳು. ತೀರಿಕೊಂಡ ಅಪ್ಪನ ನೆನಪಿಗೆ ಅದೊಂದು ಸಾಕು ಅಂದಿದ್ದಳು. ಮೊನ್ನೆ ತರಲು ಹೊರಟಾಗ, "ಗಾಜು ಅಪ್ಪಾನ ಹಾಕಿಸಿದ್ದರಿ. ಕೂಸಿನಂಗ ಜೋಪಾನ ತರ್ರಿ" ಅಂದಳು.

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತ ಕೂತೆ. ಮಧ್ಯಾಹ್ನದ ಬಿಸಿಲು, ಮೆಣಸಿನಕಾಯಿ ಘಾಟು. ಒಂದು ಸೀನು, ಒಂದು ತೂಕಡಿಕೆ. ಚಿತ್ರಕ್ಕೆ ಸುತ್ತಿದ್ದ ಧೋತರ ಸರಿಸಿ ನೋಡಿದೆ. ಈ ಚಿತ್ರಗಾರರದ್ದೂ ಒಂದು ತಮಾಷೆ. ಸಿಪಾಯಿಗಳ ಅಂಗಿಗೆ ಗುಂಡಿ ಸಹಿತ ಬರೆಯುತ್ತಾರೆ. ಗುಂಪಿಗೆ ಮಾತ್ರ ಎಲ್ಲರಿಗೂ ಒಂದೇ ಮುಖ, ತೆರೆದ ಬಾಯಿ. ಅವರು ಉಂಡಿದ್ದರೋ ಉಪವಾಸವಿದ್ದರೋ ಕೇಳಿದವರಿಲ್ಲ. ಯಾರೋ ಎಸೆದ ಕಲ್ಲೊಂದು ಅಜ್ಜನ ಕಾಲದಿಂದಲೂ ಗಾಳಿಯಲ್ಲೇ ಇದೆ. ತೂಕಡಿಕೆಯಲ್ಲೇ ಅದರ ಜೊತೆ ನಾನೂ ಮೆಲ್ಲಗೆ ತೇಲಿದೆ. ಕೆಳಗೆ ಹೊಗೆ, ಮನೆಗಳ ಮಾಡು, ಉಪ್ಪರಿಗೆಯಲ್ಲಿ ಕೈಯೆತ್ತಿ ನಿಂತ ಹೆಂಗಸು, ಸದ್ದೇ ಇಲ್ಲ. ಆಹಾ, ಎಂಥ ಸುಖ!

"ಬಂತು, ಬಂತು!" ಅಂದರು ಯಾರೋ. ಬಸ್ಸು ನಿಂತಿರಲೇ ಇಲ್ಲ, ಜನ ಅದರ ಜೊತೆಗೇ ಓಡುತ್ತಿದ್ದರು. ಕಿಟಕಿಯೊಳಗೆ ಟವೆಲು, ಚೀಲ, ಟೊಪ್ಪಿಗೆ ಬೀಳುತ್ತಿದ್ದವು. ಯಾರದು ಮೊದಲು ಬಿತ್ತೋ ಅವರದೇ ಸೀಟು, ನಮ್ಮ ಕಡೆ ಅದೇ ಕಾನೂನು. ನಾನೂ ಎದ್ದು ಓಡಿದೆ. "ಏ ಸರೀರಿ, ಸರೀರಿ!" ಎಂದು ಕಿರುಚಿ, ಕೈಗೆ ಸಿಕ್ಕಿದ್ದನ್ನು ಕಿಟಕಿಯೊಳಗೆ ಒಗೆದೆ. ಒಳಗೆ ಫಳ್ ಅಂದಾಗಲೇ ನನಗೆ ಪೂರ್ತಿ ಎಚ್ಚರವಾದದ್ದು.

ಸೀಟು ಸಿಕ್ಕಿತು, ಸುಳ್ಳು ಹೇಳಬಾರದು. ಗಾಜಿನ ಚೂರು ಆರಿಸುವಾಗ ಬೆರಳು ಕೊಯ್ದುಕೊಂಡೆ. ಪಕ್ಕದಲ್ಲಿ ಕೂತ, ಅಗಡಿ ಊರಿಗೆ ಹೊರಟ ಅಜ್ಜಿ, "ಯಪ್ಪಾ, ಒಂದು ಟವೆಲ್ಲರೆ ಇರಲಿಲ್ಲೇನ ನಿನ್ನ ಹಂತೇಕ?" ಅಂದಳು.

ಮನೆಯಲ್ಲಿ ಶಾಂತಾ ಚಿತ್ರಕ್ಕೆ ಸುತ್ತಿದ್ದ ಧೋತರ ಬಿಚ್ಚಿದಳು. ಚೌಕಟ್ಟಿನಲ್ಲಿ ಉಳಿದ ಗಾಜಿನ ತುಂಡನ್ನು ಸವರಿದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಯಾರು ಮಾಡಿದ್ರಿ ಇದನ್ನ?"

"ಅಷ್ಟು ಗದ್ದಲದಾಗ ಏನಂತ ಹೇಳಲಿ? ಮಂದಿ ಭಾಳ ಇದ್ರು" ಅಂದೆ.

"ಮಾಡಿದವನ ಕೈ ಮುರೀಲಿ!" ಎಂದವಳು ನನ್ನ ಬೆರಳು ನೋಡಿ ಗಾಬರಿಯಾದಳು. "ಅಯ್ಯ, ರಕ್ತಾ ಬಂದೈತಲ್ರಿ! ಉಳಿಸಾಕ ಎಷ್ಟು ಬಡಿದಾಡಿದ್ರೋ ಏನೋ, ಪಾಪ" ಎಂದು ಅರಿಶಿಣ ಮೆತ್ತಿದಳು.

ಅರಿಶಿಣ ಮೆತ್ತಿಸಿಕೊಂಡ ಆ ಕೈಯನ್ನೇ ಎತ್ತಿ ನಾನೂ ಜೋರಾಗಿ ಅಂದೆ: "ಮುರೀಲಿ ಬಿಡು, ಹಂಗ ಆಗಬೇಕು ಅವಂಗ!"