ದೌಂಡಿಗೆ ನಡೆದೇ ಹೋದ ಮೌಶಿ

ಪುಣೆಯಿಂದ ದೌಂಡಿನ ತನಕ ನಡೆದುಕೊಂಡೇ ಹೋಗಿ, ಅಲ್ಲಿ ರೈಲಿನಿಂದ ಇಳಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ: ನಮ್ಮ ಮೌಶಿ, ಅವ್ವನ ತಂಗಿ. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಅವಳ ಮೊಬೈಲನ್ನೇ ಕೇಳಿ!

ಹೋದ ವರ್ಷ ಅವ್ವನಿಗೆ ಎದೆಯ ಕ್ಯಾನ್ಸರಿನ ಆಪರೇಶನ್ ಆಯಿತು. ಈಗ ಆರಾಮ ಇದ್ದಾಳೆ, ಆ ಬದಿಯ ಕೈ ಮಾತ್ರ ಅಷ್ಟಾಗಿ ಮೇಲೆ ಏಳುವುದಿಲ್ಲ. ಆಗ ಡಾಕ್ಟರು ಮೌಶಿಗೂ ಹೇಳಿದರು: ದಿನಾ ನಡೆಯಿರಿ, ಊಟ ಹಿಡಿತದಲ್ಲಿರಲಿ, ನೀವೂ ಒಮ್ಮೆ ಎದೆಯ ತಪಾಸಣೆ ಮಾಡಿಸಿಕೊಳ್ಳಿ. ಮೊದಲೆರಡಕ್ಕೆ ಮೌಶಿ ಜೋರಾಗಿ ತಲೆಯಾಡಿಸಿದಳು. ಮೂರನೆಯದು ಬರುವಷ್ಟರಲ್ಲಿ ಕಿವಿ ಮುಚ್ಚಿಹೋಗಿತ್ತೋ ಏನೋ! ಮನೆಗೆ ಬಂದವಳೇ ನನ್ನ ಕೈಯಿಂದ ಮೊಬೈಲಿಗೆ ಹೆಜ್ಜೆ ಎಣಿಸುವ ಆರೋಗ್ಯದ ಆ್ಯಪ್ ಹಾಕಿಸಿಕೊಂಡಳು. ಅವತ್ತಿನಿಂದ ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಬೆಂಡೆಕಾಯಿಯನ್ನೂ ನಡೆಯುತ್ತಲೇ ಹೆಚ್ಚುತ್ತಾಳೆ. ಸೋಫಾದ ಅಡಿ ಸಿಕ್ಕ ಚೂರುಗಳಲ್ಲೇ ನಾಲ್ಕು ಮಂದಿಗೆ ಪಲ್ಯವಾಗುತ್ತದೆ. ದೌಂಡಿನ ಮದುವೆಗೆ ಹೋಗುವಾಗ ರೈಲಿನಲ್ಲಾದರೂ ಕೂತಳೇ? ಡಬ್ಬಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಓಡಾಟ. ಆರನೇ ಸಲ ಬಂದಾಗ ಕಿಟಕಿ ಬದಿಯ ಅಜ್ಜ ಗಾಬರಿಬಿದ್ದು ಟಿಕೆಟ್ ತೆಗೆದು ತೋರಿಸಿದರು. ಮೌಶಿ ಅದನ್ನು ತಿರುಗಿಸಿ ನೋಡಿ, "ಬರೋಬರ ಆಹೆ", ಸರಿಯಾಗಿದೆ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಮುಂದೆ ನಡೆದಳು!

ಇನ್ನು ಊಟ. ಸಂಕಷ್ಟಿಯ ದಿನ ಆ್ಯಪಿನಲ್ಲಿ 'ಉಪವಾಸ' ಎಂಬುದನ್ನು ಒತ್ತಿ, ಅದೇ ಬೆರಳಿನಿಂದ ತುಪ್ಪ ಸುರಿದ ಸಾಬೂದಾಣಿ ಖಿಚಡಿ ಕಲಸಿದಳು. ಮೇಲೆ ಶೇಂಗಾದ ಉಂಡೆ, ಬಟಾಟೆ ಚಿವಡಾ. ಆ್ಯಪಿಗೆ ಪಾಪ ಏನು ಗೊತ್ತು? ದಿನವಿಡೀ ಏನೂ ತಿಂದಿಲ್ಲವೆಂದು ಪದಕ ಕೊಟ್ಟಿತು.

"ಮೌಶಿ, ಇದು ಮೋಸ ಅಲ್ಲೇನ?"

"ಉಪಾಸದಾಗ ತಿಂದಿದ್ದು ತಿಂದಂಗಲ್ಲ ಬಿಡು. ಆ್ಯಪ್ ಮಾಡಿದಾಂವಗ ಸಂಕಷ್ಟಿ ಗೊತ್ತಿಲ್ಲ ಅಂದ್ರ ನಾ ಏನ ಮಾಡ್ಲಿ?"

ಅದೇ ಆ್ಯಪ್ ದಿನಾ ಬೆಳಿಗ್ಗೆ ತಪಾಸಣೆಯ ನೆನಪನ್ನೂ ಮಾಡುತ್ತಿತ್ತು. ಮೌಶಿ ದಿನಾ 'ನಾಳೆ ನೆನಪಿಸು' ಎಂದು ಒತ್ತುತ್ತಿದ್ದಳು. ಆ ಬೆರಳಿನ ವೇಗ ಅವಳ ಕಾಲಿಗೂ ಇರಲಿಲ್ಲ.

ಹೋದ ಸೋಮವಾರ ಹಾಗೆ ಒತ್ತುವುದನ್ನು ಅವ್ವ ನೋಡಿಬಿಟ್ಟಳು. ಬೈಯಲಿಲ್ಲ.

"ಹೆದರಿಕಿ ಆಗ್ಯದೇನ?"

ಮೌಶಿ ಟೇಬಲ್ಲಿಗೆ ಇನ್ನೆರಡು ಸುತ್ತು ಹಾಕಿ ನಿಂತಳು. "ಏನರ ಅದ ಅಂದ್ರ, ಅಕ್ಕಾ?"

"ಇದ್ರ ನಾ ಇದ್ದೀನಲ್ಲ. ನನಗ ನೀ ಇದ್ದಿಲ್ಲೇನ, ಹಂಗ."

ಮರುದಿನ ಮೂವರೂ ಕ್ಯಾಂಪ್ ಬಡಾವಣೆಯ ಆಸ್ಪತ್ರೆಗೆ ಹೋದೆವು. ಹೆಸರು ಕೂಗುವ ತನಕ ಮೌಶಿ ಕಾರಿಡಾರಿನಲ್ಲಿ ಹೋಗಿ ಬಂದು, ಹೋಗಿ ಬಂದು... ಗೆಳತಿಯರಿಗೆ ಹೇಳಲು ಒಳ್ಳೆ ಸರಕು ಸಿಕ್ಕಿತೆಂದು ನಾನು ಆಗಲೇ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಎದ್ದಳು. ಆಪರೇಶನ್ ಆದ ಬದಿಯ ಕೈಯನ್ನು ಮೆಲ್ಲಗೆ ಎತ್ತಿ, ತಂಗಿಯ ಹೆಗಲ ಮೇಲಿಟ್ಟು, ಅವಳ ಜೊತೆ ನಡೆಯತೊಡಗಿದಳು.

ಆ ಕೈ ಅಷ್ಟು ಮೇಲೆ ಏಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.