ಕಾರ್ಬೊನೇಟಿನ ಚುಕ್ಕಿ ಸೇರಿಸಿದ ಕಥೆ

ಚುಕ್ಕಿ ರಂಗೋಲಿಯಲ್ಲಿ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ಎದುರು ಮನೆಯ ಕೊಟ್ರಮ್ಮನೇ ಒಪ್ಪಿಕೊಂಡಿರುವ ಸತ್ಯ. ಮೇಲಾಗಿ ನಾನು ಕಾನ್ವೆಂಟಿನಲ್ಲಿ ಓದಿದವಳು. ನನ್ನ ವಿಜ್ಞಾನದ ನೋಟ್‌ಬುಕ್ಕಿನ ಚಿತ್ರಗಳನ್ನು ಸಿಸ್ಟರ್ ಇಡೀ ತರಗತಿಗೆ ಎತ್ತಿ ತೋರಿಸುತ್ತಿದ್ದರು. ಅಂಕಗಳನ್ನು ಮಾತ್ರ ತೋರಿಸುತ್ತಿರಲಿಲ್ಲ. ಬಹಳ ಒಳ್ಳೆಯ ಹೆಂಗಸು!

ಮಗಳು ವೀಣಾ ಮೊದಲ ಪಿಯುಸಿ, ಸೈನ್ಸ್. ಬಿಳಿ ಕೋಟು ಹಾಕಿಕೊಂಡು ಲ್ಯಾಬಿನಲ್ಲಿ ಓಡಾಡುವುದೇ ಅವಳ ಜೀವನದ ಗುರಿ. ಆದರೆ ಕೆಮಿಸ್ಟ್ರಿಯ ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಮೂರು ಬಂತು. ಮೆಕ್ಕೆಜೋಳದ ವ್ಯಾಪಾರ ಮಾಡುವ ನಮ್ಮ ಮನೆಯವರು ತೀರ್ಪು ಕೊಟ್ಟೇಬಿಟ್ಟರು.

"ಇನ್ನೊಂದ್ಸಲ ಹಿಂಗ ಆತಂದ್ರ ಸೈನ್ಸ್ ಬಿಡಿಸಿ ಕಾಮರ್ಸ್‌ಗೆ ಹಾಕ್ತೀನಿ ನೋಡು!"

ಕಾಲೇಜಿನ ಸರ್ ಕೊನೆಯ ಅವಕಾಶ ಕೊಟ್ಟಿದ್ದರು. ಐದು ಅಯಾನುಗಳ ಚುಕ್ಕಿ-ಗೆರೆಗಳ ಲೂಯಿಸ್ ರಚನೆಗಳನ್ನು ಒಂದು ಚಾರ್ಟಿನಲ್ಲಿ ಬಿಡಿಸಿ, ಸೋಮವಾರ ಹತ್ತು ಗಂಟೆಗೆ ತಂದು ತೋರಿಸಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ವೀಣಾ ಎರಡು ದಿನ ಕೂತು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದಳು.

ಸೋಮವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮೇಜು ಒರೆಸಲು ಹೋದೆ. ನನ್ನ ಗ್ರಹಚಾರ, ಬಟ್ಟೆಯ ಬದಲು ಕಣ್ಣು ಮೊದಲು ಚಾರ್ಟಿನ ಮೇಲೆ ಬಿತ್ತು. ನಡುವೆ ಒಂದು C, ಸುತ್ತ ಮೂರು O. ನಡುವೆ ಗೆರೆಗಳು, ಸರಿ. ಆದರೆ ಪ್ರತಿ O ಸುತ್ತಲೂ ಚುಕ್ಕಿಗಳು ಹಾಗೇ ಬಿಡಿಬಿಡಿಯಾಗಿ ನಿಂತಿವೆ! ಕೆಳಗಿನ ಸಲ್ಫೇಟು, ಫಾಸ್ಫೇಟು, ನೈಟ್ರೇಟುಗಳದೂ ಅದೇ ಅವಸ್ಥೆ.

ಸೇರಿಸದ ಚುಕ್ಕಿ ಮನೆಗೆ ಒಳ್ಳೆಯದಲ್ಲ ಎಂದು ನನ್ನ ಅತ್ತೆ ಹೇಳಿ ಹೇಳಿ ಸುಸ್ತಾಗಿದ್ದರು. ಪಾಪ, ಮಗು ದಣಿದು ಅರ್ಧಕ್ಕೇ ಬಿಟ್ಟಿದೆ. ತಾಯಿಯಾಗಿ ನಾನು ಸುಮ್ಮನಿರಲೇ? ಹಸಿರು ಸ್ಕೆಚ್ ಪೆನ್ ತೆಗೆದುಕೊಂಡೆ.

ಕೈ ಓಡಿತು ನೋಡಿ! ಎಲ್ಲ ಚುಕ್ಕಿಗಳಿಗೂ ದಳ ಬಂದವು. ಕಾರ್ಬೊನೇಟಿನಲ್ಲಿ ಮಾತ್ರ ಒಂದು ತೊಡಕು. ಎರಡು O ಸುತ್ತ ಆರಾರು ಚುಕ್ಕಿ, ಮೂರನೆಯದಕ್ಕೆ ನಾಲ್ಕೇ. ಮೂಲೆಯಲ್ಲಿ 'ಎರಡು ಮೈನಸ್' ಎಂದು ಬೇರೆ ಬರೆದಿದ್ದಳು. ಓಹೋ, ಎರಡು ಚುಕ್ಕಿ ಕಡಿಮೆ ಬಿದ್ದಿದೆ ಎಂದು ಅವಳೇ ಗುರುತು ಹಾಕಿಕೊಂಡಿದ್ದಾಳೆ! ಎರಡು ಸೇರಿಸಿದೆ.

ಅಮೋನಿಯಮ್ ಎಂಬುದಕ್ಕೆ ಪ್ಲಸ್ ಹಾಕಿದ್ದಳು. ಅಂದರೆ ಒಂದು ಹೆಚ್ಚಾಗಿದೆ. ತೆಗೆಯೋಣವೆಂದರೆ ಅದರಲ್ಲಿ ಚುಕ್ಕಿಯೇ ಇಲ್ಲ. ಧೈರ್ಯ ಮಾಡಿ ಒಂದು ಹೈಡ್ರೋಜನ್ನನ್ನೇ ವೈಟ್ನರ್ ಹಚ್ಚಿ ಮುಗಿಸಿದೆ. ಕೊನೆಗೆ ನಾಲ್ಕೂ ಮೂಲೆಗೆ ಒಂದೊಂದು ಕಮಲ.

ತಲೆಗೆ ಟವೆಲ್ ಸುತ್ತಿಕೊಂಡು ವೀಣಾ ಬಂದಳು. ದಿನವೂ ನಾನು ಅವಳಿಗೆ 'ಮಮ್ಮಿ'. ಸಿಟ್ಟು ನೆತ್ತಿಗೇರಿದಾಗ ಮಾತ್ರ ಸಂಬೋಧನೆ ಬದಲಾಗುತ್ತದೆ.

"ಅವ್ವಾ! ಏನ್ ಮಾಡಿಟ್ಟೀಬೇ ಇದು!"

"ಪೂರ್ತಿ ಮಾಡೀನಿ, ಮಗಳ. ಎರಡು ಚುಕ್ಕಿ ಕಡಿಮಿ ಇದ್ವು, ಹಾಕೀನಿ."

"ಕಡಿಮಿ ಅಲ್ಲಬೇ! ಎರಡು ಎಲೆಕ್ಟ್ರಾನ್ ಹೆಚ್ಚಿಗಿ ಬಂದಾವಂತ ಮೈನಸ್ ಹಾಕೋದು!"

ಚಹಾ ಕುಡಿಯುತ್ತಿದ್ದ ನಮ್ಮ ಮನೆಯವರು ತಲೆ ಎತ್ತಿದರು. "ಹೆಚ್ಚಿಗಿ ಬಂದ್ರ ಮೈನಸ್ಸಾ? ಈ ಲೆಕ್ಕ ಕಲ್ತು ನಮ್ಮ ಅಂಗಡ್ಯಾಗ ಕುಂತ್ರ ಮುಗೀತು! ಸೈನ್ಸೇ ಓದ್ಲಿ ಬಿಡು, ಕಾಮರ್ಸ್‌ಗೆ ಬ್ಯಾಡ."

"ಪಾಸ್ ಆದ್ರ ತಾನ ಓದೋದು, ಅಪ್ಪಾಜಿ!" ಎಂದು ವೀಣಾ ಅತ್ತೇಬಿಟ್ಟಳು. ಆಗ ಕಮಲಗಳು ಅಷ್ಟೇನೂ ಚೆನ್ನಾಗಿ ಕಾಣಲಿಲ್ಲ.

ಹೊಸ ಚಾರ್ಟ್ ತರೋಣವೆಂದರೆ ಅಂಗಡಿ ತೆರೆಯುವುದೇ ಹತ್ತಕ್ಕೆ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಕ್ಯಾಲೆಂಡರ್ ಎಳೆದೆ. ಹಿಂಬದಿ ಬೆಳ್ಳಗಿತ್ತು, ಉಪ್ಪಿನಕಾಯಿ ಡಬ್ಬಿಯ ಎಣ್ಣೆಯ ಉಂಗುರವೊಂದನ್ನು ಬಿಟ್ಟರೆ.

"ನೀ ಮುಟ್ಟಬ್ಯಾಡ. ಬರೇ ಎಣಸು," ಎಂದಳು.

ಎಣಿಸಿದೆ. ಅವಳು ಬಿಡಿಸುತ್ತಾ ಬೈದಳು, ಬೈಯುತ್ತಾ ಬಿಡಿಸಿದಳು. "ಕಾರ್ಬನ್ನಿಂದು ನಾಲ್ಕು, ಮೂರು ಆಕ್ಸಿಜನ್ನಿಂದು ಹದಿನೆಂಟು, ಮೈನಸ್ಸಿಂದ ಎರಡು. ಎಷ್ಟಾತು?"

"ಇಪ್ಪತ್ನಾಲ್ಕು."

"ಒಂದು ಗೆರಿ ಅಂದ್ರ ಎರಡು ಎಲೆಕ್ಟ್ರಾನ್. ಉಳಿದ ಚುಕ್ಕಿ ಯಾರ ಜೋಡಿನೂ ಸೇರಂಗಿಲ್ಲ. ಅವು ಹಂಗ ಇರ್ತಾವು. ತಿಳೀತಾ?"

"ಮನಿಗೆ ಒಳ್ಳೇದಲ್ಲಂತ..."

"ಅವ್ವಾ!"

ಐದೂ ಅಯಾನು ಮುಗಿಯುವ ಹೊತ್ತಿಗೆ ಒಂಬತ್ತೂವರೆ. ಎಣ್ಣೆಯ ಉಂಗುರ ಸರಿಯಾಗಿ ಫಾಸ್ಫೇಟನ್ನು ಸುತ್ತಿಕೊಂಡಿತ್ತು.

ಮಧ್ಯಾಹ್ನ ವೀಣಾ ಕುಣಿಯುತ್ತಾ ಬಂದಳು. "ಮಮ್ಮೀ! ಇಪ್ಪತ್ತಕ್ಕ ಹದಿನೆಂಟು! ಸರ್ ಏನ್ ಕೇಳಿದ್ರೂ ಬಂತು. ನಿನಗ ಬೈಕೋತ ಬೈಕೋತ ಎಲ್ಲಾ ತಲ್ಯಾಗ ಕುಂತುಬಿಟ್ಟಿತ್ತು!"

ಸೈನ್ಸ್ ಉಳಿಯಿತು. ನನಗೆ ಮತ್ತೆ ಜಂಬ ಬಂತು. ಒಟ್ಟಿನಲ್ಲಿ ಕಲಿಸಿದ್ದು ನಾನೇ ತಾನೇ? ಸಂಜೆ ಮಜ್ಜಿಗೆಗೆ ಬಂದ ಕೊಟ್ರಮ್ಮ ಹಾಳಾದ ಚಾರ್ಟನ್ನು ನೋಡಿ ನಿಂತೇ ಬಿಟ್ಟಳು.

"ಎಷ್ಟ್ ಚಂದ ಐತ್ರಿ ಅಕ್ಕಾರ! ಒಂದ್ ಚುಕ್ಕಿ ಸೈತ ಬಿಟ್ಟಿಲ್ಲ!"

ಉದಾರವಾಗಿ ಕೊಟ್ಟುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಕೊಟ್ರಮ್ಮನ ಬಾಗಿಲಲ್ಲಿ ಆಳೆತ್ತರದ ಕಾರ್ಬೊನೇಟ್ ಅರಳಿತ್ತು, ಅರಿಶಿನ ಕುಂಕುಮ ಸಮೇತ. ನಾನು ಕಿಟಕಿಯಿಂದ ಹೆಮ್ಮೆಯಿಂದ ನೋಡುತ್ತಿದ್ದಾಗ ಒಂದು ಬೈಕ್ ಬಂದು ನಿಂತಿತು. ಸವಾರ ಇಳಿದು, ಬಗ್ಗಿ, ಬೆರಳು ಮಾಡಿ ಚುಕ್ಕಿ ಎಣಿಸತೊಡಗಿದ. ಎರಡು ಸಲ ಎಣಿಸಿದ.

ವೀಣಾ ನನ್ನ ಸೆರಗು ಎಳೆದಳು. "ಮಮ್ಮಿ, ಅವರು ನಮ್ಮ ಕೆಮಿಸ್ಟ್ರಿ ಸರ್!"

ನಾನು ಬಾಗಿಲ ಹಿಂದೆ ಜಿಗಿದೆ.

"ಇದನ್ನ ಯಾರ್ರೀ ಹೇಳಿಕೊಟ್ಟಿದ್ದು?" ಸರ್ ಕೇಳಿದರು.

ಕೊಟ್ರಮ್ಮ ಕೊಡ ಕೆಳಗಿಟ್ಟು, ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು: "ಎದುರು ಮನಿ ಅಕ್ಕಾರು ರೀ ಸರ! ಕಾನ್ವೆಂಟಿನ್ಯಾಗ ಓದ್ಯಾರ್ರೀ! ವೀಣಾಗೂ ಅವರ ಹೇಳಿಕೊಡೋದು!"

ಬಾಗಿಲ ಹಿಂದೆ ನಾನು ಬಿಡಿ ಚುಕ್ಕಿಯಂತೆ ಉಸಿರು ಹಿಡಿದು ನಿಂತಿದ್ದೆ. ದೇವರೇ, ಈ ಒಂದು ಚುಕ್ಕಿಯನ್ನು ಮಾತ್ರ ಯಾರೂ ಬಂದು ಸೇರಿಸದಿರಲಿ!